ಕೆಳಗೆ ತಂದ ಕಡತಗಳು

ಲಿಫ್ಟಿನ ಬಾಗಿಲು ತೆರೆದೇ ಇತ್ತು. ಒಳಗಿದ್ದವರಲ್ಲಿ ಯಾರೋ ಇವಳಿಗಾಗಿ ಗುಂಡಿ ಒತ್ತಿ ಹಿಡಿದಿದ್ದರು. ಅವಳು ಬೇಡವೆಂದು ಕೈಸನ್ನೆ ಮಾಡಿ ಮೆಟ್ಟಿಲ ಕಡೆ ತಿರುಗಿದಳು. "ಮೇಡಂ ಸೊಂಟ ಸಣ್ಣಗಾಗೋವರೆಗೂ ಲಿಫ್ಟ್ ಹತ್ತಲ್ಲ," ಎಂದು ಒಳಗಿನಿಂದ ಒಂದು ದನಿ, ಅದರ ಬೆನ್ನಿಗೇ ನಗು, ಬಾಗಿಲು ಮುಚ್ಚಿಕೊಂಡ ಸದ್ದು. ಐದು ಮಹಡಿ, ತೊಂಬತ್ತಾರು ಮೆಟ್ಟಿಲು. ಮೂರು ವರ್ಷದಿಂದ ಹತ್ತುತ್ತಿದ್ದಾಳೆ. ಸೊಂಟ ಎಲ್ಲಿತ್ತೋ ಅಲ್ಲೇ ಇದೆ. ಮೂರನೆಯ ಮಹಡಿಯ ತಿರುವಿನಲ್ಲಿ ದಿನವೂ ಆಗುವಂತೆ ಇಂದೂ ಕಾಲು ತಾನಾಗಿ ನಿಂತಿತು. ದಣಿವಲ್ಲ. ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದಂತೆ. ಕಿಟಕಿಯ ಗಾಜಿನಲ್ಲಿ ಒಂದು ನೊಣ ಗುಂಯ್ ಎಂದು ತಲೆ ಚಚ್ಚಿಕೊಳ್ಳುತ್ತಿತ್ತು. ಕಿಟಕಿ ತೆರೆಯಬೇಕು ಅಂದುಕೊಂಡಳು, ತೆರೆಯಲಿಲ್ಲ, ಮೇಲೆ ಹೋದಳು. ಇಷ್ಟು ಚಿಕ್ಕ ವಿಷಯದಲ್ಲೂ ನಾನು ಹೀಗೇ ಅಲ್ಲವಾ ಅನ್ನಿಸಿ, ತನ್ನ ಮೇಲೆ ತನಗೇ ಒಂದು ಸಣ್ಣ ಹೇಸಿಗೆ ಹುಟ್ಟಿತು.

ಊರಿನ ಬ್ಯಾಂಕುಗಳ ಮೇಲೆಲ್ಲ ಕಣ್ಣಿಡುವುದು ಅವಳ ಕಚೇರಿಯ ಕೆಲಸ. ಮೂರು ವರ್ಷದ ಹಿಂದೆ ಮುಚ್ಚಿಹೋದ ಒಂದು ಬ್ಯಾಂಕಿನಿಂದ, ಅದಕ್ಕೂ ಹಿಂದೆ ಬೇರೆ ಬೇರೆ ಕಾಲದಲ್ಲಿ ಮುಳುಗಿದ ಬ್ಯಾಂಕುಗಳಿಂದ, ಕಲಿಯಬೇಕಾದದ್ದೇನು, ಇನ್ನು ಮುಂದೆ ತಪಾಸಣೆಯ ನಿಯಮಗಳನ್ನು ಹೇಗೆ ಬಿಗಿಮಾಡಬೇಕು ಎಂದು ವರದಿ ಕೊಡಲು ಒಂದು ಸಮಿತಿ ಮಾಡಿದ್ದರು. ವರದಿ ಬರೆಯುವ ಕೆಲಸ ಅವಳಿಗೆ ಬಿದ್ದಿತ್ತು. "ನಿನ್ನ ಭಾಷೆ ಚೆನ್ನಾಗಿದೆ," ಎಂದಿದ್ದರು. ಎಂಟು ತಿಂಗಳಿಂದ ಬರೆಯುತ್ತಿದ್ದಾಳೆ. ಎಲ್ಲ ಪ್ಯಾರಾಗಳೂ ಅವಳು ಬರೆದವೇ, ಆರನೆಯದೊಂದು ಬಿಟ್ಟು. ಅದನ್ನು ಸಮಿತಿಯ ಕಾನೂನು ಅಧಿಕಾರಿ ಬರೆದುಕೊಟ್ಟಿದ್ದಳು. 'ಬ್ಯಾಂಕು ಮುಚ್ಚುವ ಎರಡು ವರ್ಷ ಮೊದಲು ನಡೆದ ತಪಾಸಣೆಯಲ್ಲಿ, ಪರೀಕ್ಷಿಸಬೇಕಾದ ಸಾಲದ ಕಡತಗಳನ್ನು ಬ್ಯಾಂಕಿನವರೇ ಆರಿಸಿ ಕೆಳಗೆ ತಂದುಕೊಟ್ಟಿದ್ದು, ತಂಡದ ಮುಖ್ಯಸ್ಥರು ಅದಕ್ಕೆ ಅವಕಾಶ ಕೊಟ್ಟದ್ದು ಗಂಭೀರ ಲೋಪ.' ಬ್ಯಾಂಕಿನ ಹಳೆಯ ಜವಾನನೊಬ್ಬ ವಿಚಾರಣೆಯಲ್ಲಿ ಅಂದಿದ್ದನಂತೆ, "ತಪಾಸಣೆಯವರಿಗೆ ಕೆಳಗೇ ತಂದುಕೊಟ್ವಿ ಸ್ವಾಮಿ, ತಳ್ಳುಗಾಡೀಲಿ." ತಪಾಸಣೆಯವರು ಅಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಮುಖ್ಯಸ್ಥರೇ ಇರಬೇಕು ಎಂದುಕೊಂಡರು.

ಆ ಮುಖ್ಯಸ್ಥರು ಮೇಷ್ಟ್ರು. ಕಚೇರಿಗೆ ಹೊಸದಾಗಿ ಸೇರಿದವರಿಗೆಲ್ಲ ಮೂವತ್ತು ವರ್ಷ ತಪಾಸಣೆಯ ಪಾಠ ಹೇಳಿದವರಾದ್ದರಿಂದ ಆ ಹೆಸರು. ಅವಳಿಗೂ ಅವರೇ ಹೇಳಿಕೊಟ್ಟದ್ದು. ನಿವೃತ್ತರಾದ ಮರುವರ್ಷ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋದವು.

ಹನ್ನೊಂದು ಗಂಟೆಗೆ ಸಮಿತಿ ಕೂತಿತು. ಅಧ್ಯಕ್ಷರು ಹಿಂದೆಂದೋ ದೊಡ್ಡ ಹುದ್ದೆಯಲ್ಲಿದ್ದು ಬಿಟ್ಟವರು. ಮಾತಿಗೊಮ್ಮೆ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಅದರ ಕಾಗದವನ್ನು ಸಣ್ಣ ಸಣ್ಣ ದೋಣಿ ಮಾಡಿ ಮೇಜಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. "ಆರನೇದು ಓದಮ್ಮ," ಎಂದರು. ಅವಳು ಓದಿದಳು. ತನ್ನ ದನಿ ಯಾರೋ ಬೇರೆಯವರ ಬಾಯಿಂದ ಬಂದಂತೆ ಕೇಳಿಸಿತು. "ಇದಕ್ಕೆ ಶಿಫಾರಸು?" "ಕಡತಗಳನ್ನ ತಪಾಸಣಾಧಿಕಾರಿ ಸ್ವತಃ ಕಪಾಟಿನಿಂದ ಆರಿಸಬೇಕು ಅಂತ, ಸರ್." "ಸರಿ. ಮುಂದೆ." ಅವಳು ಮುಂದೆ ಹೋಗಲಿಲ್ಲ. ನಲವತ್ತು ವರ್ಷದ ಹಿಂದೆ ಒಂದೇ ವಾರದಲ್ಲಿ ಮೂರು ಬ್ಯಾಂಕು ಮುಳುಗಿದಾಗ ಬರೆದ ವರದಿ ಗ್ರಂಥಾಲಯದಲ್ಲಿ ಸಿಕ್ಕಿದೆ, ಅದರಲ್ಲೂ ಇದೇ ಶಿಫಾರಸು ಇದೆ, ಹೆಚ್ಚುಕಡಿಮೆ ಇವೇ ಪದಗಳಲ್ಲಿ, ಎಂದಳು. ನಿಯಮ ಆಗಲೂ ಇತ್ತು, ಐದು ವರ್ಷದ ಹಿಂದೆಯೂ ಇತ್ತು. ಅಧ್ಯಕ್ಷರು ಕೈಯಲ್ಲಿದ್ದ ಕಾಗದದ ದೋಣಿಯನ್ನು ಕೆಳಗಿಟ್ಟರು. "ಅಂದ್ರೆ?" "ಯಾಕೆ ಅಂತ ಅದರಲ್ಲಿ ಬರೆದಿಲ್ಲ ಸರ್. ಯಾರು ಹತ್ತಲಿಲ್ಲ, ಯಾಕೆ ಹತ್ತಲಿಲ್ಲ, ಅದರಿಂದ ಏನಾಯ್ತು... ಅದನ್ನೂ ಬರೆದ್ರೆ..." "ಅಯ್ಯೋ ತಾಯಿ," ಎಂದಳು ಕಾನೂನು ಅಧಿಕಾರಿ, "ವರದಿ ಬರೀತಿದ್ದೀವೋ ಅಜ್ಜಿ ಕಥೆ ಬರೀತಿದ್ದೀವೋ?" ಎಲ್ಲರೂ ನಕ್ಕರು. ಅವಳೂ ನಕ್ಕಳು, ಹಾಗೆ ನಕ್ಕಿದ್ದಕ್ಕೆ ಕಿವಿ ಬಿಸಿಯಾಯಿತು.

ಹೇಳುವುದಿದ್ದರೆ ಅದೇ ಗಳಿಗೆಯಲ್ಲಿ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಅಧ್ಯಕ್ಷರು ಆಗಲೇ ಹಾಳೆ ತಿರುವಿದ್ದರು. "ಆ ಮುಖ್ಯಸ್ಥರಿಂದ ವಿವರಣೆ ಕೇಳಿದ್ವಲ್ಲ, ಬಂತಾ?" "ಇಲ್ಲ ಸರ್. ಹುಷಾರಿಲ್ಲ ಅವರಿಗೆ." "ಪಾಪ. ಇವತ್ತು ಐದು ಗಂಟೆಗೆ ಅವಧಿ ಮುಗಿಯುತ್ತೆ. ಬರದಿದ್ರೆ ಪ್ಯಾರಾ ಹಾಗೇ ಹೋಗಲಿ. ಹೆಸರೂ ಹಾಕಬೇಕಾಗುತ್ತೆ." ಐದನೆಯ ದೋಣಿ ಸಾಲಿಗೆ ಸೇರಿತು.

ಅವಳಿಗೆ ತಳ್ಳುಗಾಡಿಯ ಗಾಲಿಯ ಸದ್ದು ಕೇಳಿಸುತ್ತಿತ್ತು. ಎಣ್ಣೆ ಕಾಣದ ಗಾಲಿ, ಕೀಂಯ್ ಕೀಂಯ್ ಎಂದು ಮೊಸಾಯಿಕ್ ನೆಲದ ಮೇಲೆ. ಐದು ವರ್ಷದ ಹಿಂದಿನ ಆ ತಪಾಸಣೆಗೆ ಮೇಷ್ಟ್ರ ತಂಡದಿಂದ ಹೋದವಳು ಅವಳೇ, ಆಗ ಏಳು ತಿಂಗಳ ಬಸುರಿ. ಬ್ಯಾಂಕಿನವರು ಅವಳ ಕುರ್ಚಿಗೆ ಒಂದು ಮೆತ್ತೆ ತಂದಿಟ್ಟಿದ್ದರು, ನೀಲಿ ಹೂವಿನದು. ಕಾಲಿಡಲು ಒಂದು ಮಣೆ. ಹೀಗೆ ಯಾರೂ ಅವಳನ್ನು ನೋಡಿಕೊಂಡಿರಲಿಲ್ಲ. ಮನೆಯಲ್ಲಂತೂ ಗಂಡ, "ನಮ್ಮಮ್ಮ ಹೆರಿಗೆ ಹಿಂದಿನ ದಿನದವರೆಗೂ ನೀರು ಸೇದುತ್ತಿದ್ದರು," ಎಂದು ದಿನಕ್ಕೊಮ್ಮೆ ಹೇಳುತ್ತಿದ್ದ. ಸಾಲದ ಕಡತಗಳು ಮೂರನೆಯ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಅವಳು ಮೆಟ್ಟಿಲ ಬುಡದಲ್ಲಿ ನಿಂತು ಕಂಬಿ ಹಿಡಿದಳು, ಎರಡು ಮೆಟ್ಟಿಲು ಹತ್ತಿದಳು ಕೂಡ. ಹೊಟ್ಟೆಯೊಳಗೆ ಮಗು ಒಮ್ಮೆ ಮಗ್ಗುಲಾಯಿತು. ಅಷ್ಟರಲ್ಲಿ ಬ್ಯಾಂಕಿನ ಮ್ಯಾನೇಜರು ಓಡಿಬಂದ. "ಮೇಡಂ, ಮೇಡಂ, ಇದೇನು! ನಮ್ಮನೆಯವಳಿಗೂ ಈಗ ಏಳು ತಿಂಗಳು. ನಿಮ್ಮನ್ನ ಹತ್ತಿಸಿದ್ರೆ ಅವಳು ನನಗೆ ಊಟ ಹಾಕ್ತಾಳಾ? ನೀವು ಕೂತ್ಕೊಳ್ಳಿ, ನಾನು ತರಿಸ್ತೀನಿ. ಆರಿಸೋದು ನೀವೇ." ಅವಳು ಕೂತಳು. ನಲವತ್ತು ಕಡತ ಬಂದವು. ಅವುಗಳಲ್ಲಿ ಹತ್ತನ್ನು ಅವಳೇ ಆರಿಸಿದಳು, ಬಹಳ ಯೋಚಿಸಿ, ಕಣ್ಣುಮುಚ್ಚಿ ಒಂದೆರಡನ್ನು. ಹತ್ತೂ ಹಾಲಿನಷ್ಟು ಸ್ವಚ್ಛ. ವಿಚಾರಣೆಯ ಕಾಗದಗಳಲ್ಲಿ ಆ ಮ್ಯಾನೇಜರನ ಕುಟುಂಬದ ವಿವರ ಅವಳ ಕಣ್ಣಿಗೆ ಬಿದ್ದದ್ದು ಹೋದ ತಿಂಗಳು: ಇಬ್ಬರು ಮಕ್ಕಳು, ಆ ಹೊತ್ತಿಗೆ ಇಬ್ಬರೂ ಕಾಲೇಜಿನಲ್ಲಿದ್ದರು. ಅದನ್ನು ಓದಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಿದ್ದಳು. ಬ್ಯಾಂಕು ಮುಳುಗಿದ್ದಕ್ಕಿಂತ ಆ ಇಲ್ಲದ ಬಸುರಿ ಹೆಂಗಸು ಅವಳನ್ನು ಹೆಚ್ಚು ನೋಯಿಸಿದ್ದಳು. ಎಷ್ಟೋ ದಿನ ಅವಳ ಹೆರಿಗೆ ಸುಸೂತ್ರವಾಗಿರಲಿ ಎಂದು ಹಾರೈಸಿದ್ದಳು ಇವಳು.

ಮೇಲೆ ಉಳಿದ ಕಡತಗಳಲ್ಲಿ ಹನ್ನೊಂದು ಸಾಲಗಾರರ ಹೆಸರು, ಒಂದೇ ವಿಳಾಸ. ಬಾಗಿಲು ಹಾಕಿದ ಒಂದು ಛತ್ರಿ ಅಂಗಡಿ. ಬ್ಯಾಂಕಿನ ಹಣದ ಮುಕ್ಕಾಲು ಪಾಲು ಆ ಅಂಗಡಿಯ ಬಾಗಿಲಿನಿಂದ ಆಚೆ ಹೋಗಿತ್ತು. ಮುಚ್ಚಿದ ಬ್ಯಾಂಕಿನ ಮುಂದೆ ದಿನವೂ ಒಬ್ಬಳು ವಯಸ್ಸಾದ ಹೆಂಗಸು ಬಂದು ಕಾವಲಿನವನನ್ನು ಕೇಳುತ್ತಿದ್ದಳು, "ಇವತ್ತು ತೆಗೀತಾರೇನಪ್ಪಾ?" ಅವನು, "ನಾಳೆ ಬಾ ಅಜ್ಜಿ," ಎನ್ನುತ್ತಿದ್ದ. ತೆಗೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತೇನೋ. ಎದುರು ಬಸ್ ನಿಲ್ದಾಣದಲ್ಲಿ ನಿಂತು ಇವಳು ಅದನ್ನು ಎಷ್ಟು ದಿನ ನೋಡಿದ್ದಳು! ಒಂದು ದಿನ ಆ ಹೆಂಗಸು ಬರಲಿಲ್ಲ. ಮರುದಿನವೂ ಇಲ್ಲ. ಆಮೇಲೆ ಇವಳೂ ಆ ನಿಲ್ದಾಣಕ್ಕೆ ಹೋಗುವುದನ್ನು ಬಿಟ್ಟಳು.

ಊಟದ ಹೊತ್ತಿಗೆ ಫೋನು ಬಂತು. ಮೇಷ್ಟ್ರ ಹೆಂಡತಿ. "ಮಗಳೇ, ನಿಮ್ಮ ಕಚೇರಿಯಿಂದ ಅದೇನೋ ಕಾಗದ ಬಂದು ಹದಿನೈದು ದಿನ ಆಯ್ತು. ನನ್ನ ಕನ್ನಡಕ ಒಡೆದುಹೋಗಿ, ನೋಡೇ ಇರಲಿಲ್ಲ. ಪಕ್ಕದ ಮನೆಯವರು ಈಗ ಓದಿ ಹೇಳಿದ್ರು, ಏನೋ ಲೋಪ ಅಂತಾರೆ, ಇವತ್ತೇ ಉತ್ತರ ಕೊಡಬೇಕು ಅಂತಾರೆ. ನೀನೇ ಬಂದು ಬರೆದುಕೊಡೇ. ಅವರ ಕೈಯಲ್ಲಿ ಕಲಿತವಳು ನೀನು." "ಬರ್ತೀನಮ್ಮಾ," ಎಂದಳು. ಮೇಷ್ಟ್ರ ಮನೆಯ ದಾರಿಯುದ್ದಕ್ಕೂ ಅಂಗಡಿಗಳ ಹೆಸರು ಓದುತ್ತ ಹೋದಳು, ಒಂದೂ ಮನಸ್ಸಿಗಿಳಿಯಲಿಲ್ಲ. ಬರೆದುಬಿಡುವುದು. ತಪ್ಪು ನನ್ನದು, ಅವರಿಗೆ ಏನೂ ಗೊತ್ತಿರಲಿಲ್ಲ ಎಂದು ಎರಡೇ ಸಾಲು. ಆಮೇಲೆ ಕೆಲಸ ಹೋಗುತ್ತದೆ. ಮಗಳ ಶಾಲೆ? ಗಂಡ ಏನಂದಾನು? 'ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವಳಿಗೆ ಈಗೇನು ಬಂತು?'

ಆ ತಪಾಸಣೆಯ ದಿನ ಸಂಜೆ ಮೇಷ್ಟ್ರು ಕೇಳಿದ್ದು ಒಂದೇ ಮಾತು. ಹತ್ತು ಕಡತಗಳ ಪಟ್ಟಿ ಮುಂದಿಟ್ಟುಕೊಂಡು, ಕನ್ನಡಕವನ್ನು ಹಣೆಗೇರಿಸಿ, "ನೀನೇ ಹತ್ತಿ ತೆಗೆದೆಯಾ?" ಎಂದರು. ಅವಳು, "ಹೂಂ," ಎಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸುಸ್ತಾಗಿತ್ತು, ಮನೆಗೆ ಹೋಗಬೇಕಿತ್ತು, ಆ ಹೂಂ ತಾನಾಗಿ ಬಂತು, ಚಿಕ್ಕಂದಿನಲ್ಲಿ ಅಜ್ಜಿಯ ಪಕ್ಕ ಮಲಗಿ ಅನ್ನುತ್ತಿದ್ದ ಹಾಗೆ. ಅಜ್ಜಿಗೆ ಸಾಲಿಗೊಂದು ಹೂಂ ಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕಣಜ ನೋಡಲು ಹೊರಟ ದೊರೆಯ ಕಥೆಯೊಂದಿತ್ತು: ಮಳೆ ಹೋಗಿ ಮೂರು ವರ್ಷ, ಊರಿಗೆಲ್ಲ ಹಂಚಲು ಕಾಳಿದೆಯೇ ಎಂದು ನೋಡಲು ದೊರೆ ಬಂದರೆ, ಕಣಜದವನು ಕೈಮುಗಿದು, ಏಣಿ ಹಳೆಯದು ದೊರೆ, ನಿಮ್ಮ ಪಾದಕ್ಕೆ ದೂಳಾದೀತು, ಒಂದು ಹಿಡಿ ನಾನೇ ಇಳಿಸಿ ತರುತ್ತೇನೆ ಎನ್ನುತ್ತಾನೆ. ಹೂಂ. ಆ ಹಿಡಿಯಲ್ಲಿ ಒಂದೊಂದು ಕಾಳೂ ಮುತ್ತಿನಂತಿತ್ತು. ಹೂಂ. ಆಗ ದೊರೆ ಏಣಿಯ ಮೇಲೆ ಕೈಯಿಟ್ಟ... ಅಷ್ಟು ಹೊತ್ತಿಗೆ ಪ್ರತಿಸಲವೂ ಅವಳಿಗೆ ನಿದ್ದೆ. ನಿದ್ದೆಯಲ್ಲೂ ಹೂಂ ಅನ್ನುತ್ತಲೇ ಇದ್ದಳಂತೆ. ಅಜ್ಜಿ ಪೂರ್ತಿ ಹೇಳಿ ಮುಗಿಸುತ್ತಿದ್ದಳಂತೆ. ಬೆಳಗ್ಗೆ, "ಕಥೆ ಚೆನ್ನಾಗಿತ್ತಾ?" ಎಂದರೆ ಅದಕ್ಕೂ ಹೂಂ. ದೊರೆ ಹತ್ತಿದನೋ ಇಲ್ಲವೋ ಅವಳಿಗೆ ಇಂದಿಗೂ ಗೊತ್ತಿಲ್ಲ. ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು. ಈಗ ಮಗಳಿಗೆ ಆ ಕಥೆ ಹೇಳಹೊರಟು ಏಣಿಯ ಬುಡದಲ್ಲೇ ನಿಂತುಬಿಡುತ್ತಾಳೆ. "ಆಮೇಲೆ ಅಮ್ಮಾ?" ಎನ್ನುತ್ತದೆ ನಾಲ್ಕು ವರ್ಷದ ಆ ಮಗು, ಅವತ್ತು ಹೊಟ್ಟೆಯಲ್ಲಿ ಮಗ್ಗುಲಾಗಿದ್ದ ಮಗು. "ಆಮೇಲೆ ನಿದ್ದೆ," ಎನ್ನುತ್ತಾಳೆ ಇವಳು.

ಮೇಷ್ಟ್ರು ಕಿಟಕಿಯ ಪಕ್ಕದ ಮಂಚದಲ್ಲಿ ಎರಡು ದಿಂಬಿಗೆ ಒರಗಿದ್ದರು. ಕೆನ್ನೆ ಒಳಗೆ ಹೋಗಿತ್ತು. ಕ್ಷೌರ ಮಾಡಿದವರು ಕಿವಿಯ ಕೆಳಗೆ ಒಂದಿಷ್ಟು ಬಿಟ್ಟಿದ್ದರು. ಅಳತೆಪಟ್ಟಿ ಇಟ್ಟು ಸಾಲು ಎಳೆಯುತ್ತಿದ್ದ ಮನುಷ್ಯನ ಮುಖದ ಮೇಲೆ ಆ ಬಿಟ್ಟುಹೋದ ಕೂದಲು ಅವಮಾನದಂತೆ ಕಂಡಿತು. "ನೋಡಿ, ಯಾರು ಬಂದಿದ್ದಾಳೆ," ಎಂದರು ಅವರ ಹೆಂಡತಿ. "ಹೂಂ," ಎಂದರು ಮೇಷ್ಟ್ರು. "ಅದೊಂದೇ ಈಗ," ಎಂದು ಆಕೆ ಕಿತ್ತಳೆ ಸುಲಿಯುತ್ತ ನಕ್ಕರು. "ನಲವತ್ತು ವರ್ಷ ನನ್ನ ಮಾತಿಗೆಲ್ಲ ಯಾಕೆ, ಏನು, ಎಲ್ಲಿದೆ ಪುರಾವೆ ಅಂತಿದ್ರು. ಈಗ ಏನಂದ್ರೂ ಹೂಂ. ಇಂಥ ಗಂಡ ಮೊದಲೇ ಸಿಕ್ಕಿದ್ರೆ ಎಷ್ಟು ಸುಖವಾಗಿರ್ತಿದ್ದೆ!" ಆಕೆಯ ಕಣ್ಣು ನಗಲಿಲ್ಲ. "ಅರ್ಥ ಎಲ್ಲ ಆಗುತ್ತೆ ಕಣೇ. ನಿನ್ನೆ ಲೆಕ್ಕದ ಹಾಳೇಲಿ ಹಾಲಿನವನ ತಪ್ಪು ಬೆರಳಿಟ್ಟು ತೋರಿಸಿದ್ರು. ನೀನು ಓದು, ಬರಿ. ಅವರದ್ದೇನೂ ತಪ್ಪಿಲ್ಲ ಅಂತ ಬರಿ. ನಾನು ಚಹಾ ಇಡ್ತೀನಿ. ಒಂದು ಮಾತು ಕೇಳಲಾ? ಇವರ ಹೆಸರು ಪುಸ್ತಕದಲ್ಲಿ ಹಾಕ್ತಾರಂತಲ್ಲ, ಅದು ಎಷ್ಟು ವರ್ಷ ಇರುತ್ತೆ?" "ತುಂಬಾ ವರ್ಷ ಅಮ್ಮಾ." ಆಕೆ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಹೋದರು.

ಕಾಗದ ಓದಿದಳು. ಸಾಲಿಗೊಂದು ಹೂಂ. ಓದಿ ಮಡಚಿದಳು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು. ಈಗ, ಆಕೆ ಬರುವುದರೊಳಗೆ. "ಸರ್," ಎಂದಳು. ಹೇಗೆ ಶುರುಮಾಡಬೇಕೆಂದು ತಿಳಿಯದೆ ಕೊನೆಗೆ ಕಥೆ ಹೇಳುವವಳ ಹಾಗೆಯೇ ಶುರುಮಾಡಿದಳು. "ಅಲ್ಲೊಂದು ಮೆಟ್ಟಿಲಿತ್ತು ಸರ್. ಲಿಫ್ಟ್ ಕೆಟ್ಟಿತ್ತು." "ಹೂಂ." "ನನಗೆ ಏಳು ತಿಂಗಳು." "ಹೂಂ." "ನೀವು ಪಾಠ ಮಾಡುವಾಗ ಕಪಾಟಿನಿಂದ ಸ್ವತಃ ತೆಗೀಬೇಕು ಅನ್ನೋ ನಿಯಮ ಓದಿದ್ರಿ, ನಾವೆಲ್ಲ ನಕ್ಕಿದ್ವಿ. ಯಾಕೆ ಅಂತ ಬರೆದಿದ್ರೆ ನಿಮಗೆ ನಗು ಬರ್ತಿರಲಿಲ್ಲ ಅಂದಿದ್ರಿ ನೀವು." "ಹೂಂ." "ಎರಡು ಮೆಟ್ಟಿಲು ಹತ್ತಿದೆ. ಅಷ್ಟೇ. ಆಮೇಲೆ ಅವರು ತಂದುಕೊಟ್ರು, ತಳ್ಳುಗಾಡೀಲಿ." "ಹೂಂ." "ನೀವು ಕೇಳಿದ್ರಿ, ನೀನೇ ಹತ್ತಿ ತೆಗೆದೆಯಾ ಅಂತ. ನಾನು ಹೂಂ ಅಂದೆ ಸರ್. ನೀವು ನಂಬಿ ಸಹಿ ಹಾಕಿದ್ರಿ."

ಹೂಂ ಬರಲಿಲ್ಲ.

ತಲೆಯೆತ್ತಿ ನೋಡಿದಳು, ನಿದ್ದೆ ಬಂತೇನೋ ಎಂದು. ಕಣ್ಣು ತೆರೆದೇ ಇದ್ದವು, ಅವಳನ್ನೇ ನೋಡುತ್ತಿದ್ದವು. ಮೇಷ್ಟ್ರ ಎಡಗೈ ಹೊದಿಕೆಯಿಂದ ಮೆಲ್ಲನೆ ಹೊರಬಂತು. ಅದು ತೆವಳುತ್ತ ಬಂದು ಅವಳ ಬಲಗೈಯನ್ನು ಹಿಡಿಯಿತು. ಮಗುಚಿ ಅಂಗೈಯನ್ನು ಮೇಲೆ ಮಾಡಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು. ಹೆಬ್ಬೆರಳಿನಿಂದ ಅವರು ಅವಳ ಅಂಗೈಯನ್ನು ಒಮ್ಮೆ ಒರೆಸಿದರು, ಆ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು, ಅವಳಿಗೂ ತೋರಿಸಿದರು. ಏನೂ ಅಂಟಿರಲಿಲ್ಲ.

ಅವಳಿಗೆ ತಟ್ಟನೆ ತರಗತಿ ನೆನಪಾಯಿತು, ಸೀಮೆಸುಣ್ಣದ ಪುಡಿ ಹಾರುತ್ತಿದ್ದ ಮಧ್ಯಾಹ್ನ. "ಕಪಾಟಿನಿಂದ ಕಡತ ತೆಗೆದವರ ಕೈ ದೂಳಿಗೆ ಕಪ್ಪಾಗಿರುತ್ತೆ. ಯಾರ ಮಾತು ಕೇಳ್ತೀರೋ ಬಿಡ್ತೀರೋ, ಅಂಗೈ ನೋಡಿ." ಆ ಸಂಜೆ ಅವಳು ಪಟ್ಟಿ ಕೊಟ್ಟಾಗ ಅವರು ಕನ್ನಡಕ ಹಣೆಗೇರಿಸಿ ನೋಡಿದ್ದು ಪಟ್ಟಿಯನ್ನಲ್ಲ. ಅವಳ ಕೈ ತೊಳೆದಿಟ್ಟಂತಿತ್ತು. ನೋಡಿದರು, ಪೆನ್ನು ಎತ್ತಿದರು, ಕೆಳಗಿಟ್ಟರು, ಅವಳ ಹೊಟ್ಟೆಯ ಕಡೆ ಒಮ್ಮೆ ನೋಡಿ ಸಹಿ ಹಾಕಿ, "ಹೋಗು ತಾಯಿ, ಮನೆಗೆ ಹೋಗಿ ಕಾಲು ಚಾಚಿ ಮಲಗು," ಎಂದರು. ಆ ಒಂದು ಮಾತಿನ ಬಿಸುಪಿನಲ್ಲಿ ಅವಳು ಎಷ್ಟೋ ದಿನ ಬದುಕಿದ್ದಳು. ಹಾಗಾದರೆ ಇವರೂ ಐದು ವರ್ಷ ಮೆಟ್ಟಿಲ ತಿರುವಿನಲ್ಲಿ ನಿಂತೇ ಇದ್ದರು. ಆ ಹೆಂಗಸು ಕಾವಲಿನವನನ್ನು ಕೇಳುವುದನ್ನು ಇವರೂ ಎಲ್ಲಿಂದಲೋ ನೋಡಿರಬಹುದು. ಮಾತು ಹೋಗುವ ಮೊದಲು ಯಾರಿಗೂ ಹೇಳಲಿಲ್ಲ. ಹೇಳಿದರೆ ಇವಳ ಹೆಸರು ಹೇಳಬೇಕಾಗುತ್ತಿತ್ತು.

ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಎರಡು ಸಾಲು, ತಪ್ಪು ನನ್ನದು, ಅವರಿಗೆ ಏನೂ ಗೊತ್ತಿರಲಿಲ್ಲ. ಮೊದಲನೆಯದು ನಿಜ. ಎರಡನೆಯದು ಮತ್ತೊಂದು ಹೂಂ. ಅದನ್ನು ಬರೆದರೆ ಇವರ ಹೆಸರಿಗೆ ಕಳಂಕ ತಟ್ಟದು. "ಸರ್, ನೀವು ಕೈ ನೋಡಿದ್ದನ್ನ ಬರೆಯೋದು ಬೇಡ," ಎಂದಳು. "ನನ್ನದಷ್ಟೇ ಬರೀತೀನಿ. ನಿಮಗೆ ಗೊತ್ತಿತ್ತು ಅಂತ ಯಾರಿಗೂ ಗೊತ್ತಿಲ್ಲ." ಎಡಗೈ ಅವಳ ಅಂಗೈಯನ್ನು ಬಿಡಲಿಲ್ಲ. ತೋರುಬೆರಳು ಅಂಗೈಯ ನಟ್ಟನಡುವೆ ಒತ್ತಿತು, ತಪ್ಪಾದ ಸಾಲಿನ ಮೇಲೆ ಅವರು ಯಾವಾಗಲೂ ಒತ್ತುತ್ತಿದ್ದಂತೆ. ಮತ್ತೆ ಒತ್ತಿತು. ಬಾಯಿಯ ಬಲಗಡೆಯಿಂದ ಜೊಲ್ಲು ಇಳಿಯಿತು. ಅವಳು ಸೆರಗಿನಿಂದ ಒರೆಸಿದಳು. ಬೆರಳು ಒತ್ತುತ್ತಲೇ ಇತ್ತು.

ಬರೆದಳು. ಎರಡು ಸಾಲಲ್ಲಿ ಮುಗಿಯಲಿಲ್ಲ. ನೀಲಿ ಹೂವಿನ ಮೆತ್ತೆ ಬಂತು, ಎರಡು ಮೆಟ್ಟಿಲು ಬಂದವು, ಇಲ್ಲದ ಬಸುರಿ ಬಂದಳು, ಛತ್ರಿ ಅಂಗಡಿ ಬಂತು, ನಾಳೆ ಬಾ ಅಜ್ಜಿ ಬಂತು. ಕೊನೆಗೆ ತೊಳೆದಿಟ್ಟಂಥ ಎರಡು ಕೈ, ಅವನ್ನು ನೋಡಿಯೂ ನೋಡದಂತೆ ಸಹಿ ಮಾಡಿದ ಒಬ್ಬ ಮನುಷ್ಯ, ಅವನ ಅಂತಃಕರಣ. ಇದಿಷ್ಟನ್ನೂ ಆರನೆಯ ಪ್ಯಾರಾದಲ್ಲಿ ನಿಯಮದ ಕೆಳಗೆ ಹಾಕಬೇಕೆಂದು ಕೋರಿ ತನ್ನ ಹೆಸರು ಬರೆದಳು. ಕಾನೂನು ಅಧಿಕಾರಿ ನಗುತ್ತಾಳೆ. ಅಧ್ಯಕ್ಷರು ನಿಯಮ ಇಟ್ಟುಕೊಂಡು ಕಥೆಯನ್ನು ಹೊಡೆದುಹಾಕಬಹುದು. ನಲವತ್ತು ವರ್ಷದ ಹಿಂದೆಯೂ ಯಾರೋ ಒಬ್ಬರು ಹೀಗೆ ಬರೆದುಕೊಟ್ಟಿರಬಹುದು, ಯಾರೋ ಹೊಡೆದುಹಾಕಿರಬಹುದು. ಹಾಳೆಯನ್ನು ಮೇಷ್ಟ್ರ ಮುಂದೆ ಹಿಡಿದಳು. ಅವರು ಎಡಗೈಯಲ್ಲಿ ಪೆನ್ನು ಹಿಡಿದು, ಬಹಳ ಹೊತ್ತು ತೆಗೆದುಕೊಂಡು, ಕೆಳಗೆ ಒಂದು ಗೀರು ಎಳೆದರು. ಸಹಿಯಂತಿರಲಿಲ್ಲ. ಆದರೆ ನೇರವಾಗಿತ್ತು.

ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ಮೇಷ್ಟ್ರ ಹೆಂಡತಿ ಚಹಾ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಮೂರು ಹಾಳೆ ತುಂಬಿದ್ದನ್ನು ನೋಡಿ ಆಕೆಯ ಮುಖ ಅರಳಿತು. "ಎಷ್ಟೊಂದು ಬರೆದಿದ್ದೀಯೇ! ಅವರದ್ದೇನೂ ತಪ್ಪಿಲ್ಲ ಅಂತ ಬರೆದೆ ತಾನೇ?"

ನಾಲಗೆಯ ಮೇಲೆ ಅದು ಸಿದ್ಧವಾಗಿ ಕೂತಿತ್ತು, ಐದು ವರ್ಷದ ಹಿಂದಿನ ಹಾಗೆಯೇ, ಚಿಕ್ಕದಾಗಿ, ಬೆಚ್ಚಗೆ. ಹೇಳಿದರೆ ಆಕೆ ಇವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಮಂಚದಿಂದ ಮೇಷ್ಟ್ರು ನೋಡುತ್ತಿದ್ದರು. ಚಹಾದ ಆವಿ ಕಿಟಕಿಯ ಗಾಜಿಗೆ ತಾಗಿ ಒಂದು ಮಬ್ಬು ವೃತ್ತ ಮಾಡಿತು.

"ಕೂತ್ಕೊಳ್ಳಿ ಅಮ್ಮಾ," ಎಂದಳು. "ಓದ್ತೀನಿ. ಮಧ್ಯ ಏನೂ ಕೇಳಬೇಡಿ, ಕೊನೇವರೆಗೂ ಕೇಳಿ."

ಆಕೆ ಮಂಚದ ತುದಿಯಲ್ಲಿ ಗಂಡನ ಕಾಲಿನ ಬಳಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಅವಳು ಮೊದಲನೆಯ ಸಾಲು ಓದಿ ನಿಂತಳು.

"ಹೂಂ," ಎಂದರು ಆಕೆ, ನಂಬಿಕೆಯಿಂದ. "ಆಮೇಲೆ?"